ಕೋಲಾರದಲ್ಲಿ ಎಷ್ಟು ಅಕ್ಷರ?

ಒಂದನೇ ಕ್ಲಾಸಿನ ಮಗುವನ್ನು ಕರೆದು ‘ಕೋಲಾರ’ದಲ್ಲಿ ಎಷ್ಟು ಅಕ್ಷರ ಅಂತ ಕೇಳಿ. ಕೋ, ಲಾ, ರ ಎಂದು ಬೆರಳು ಮಡಚಿ ಮೂರು ಅನ್ನುತ್ತದೆ. ಅದೇ ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಎಣಿಸುವ ಲೆನ್ ಎಂಬ ಫಂಕ್ಷನ್‌ಗೆ ಕೊಟ್ಟರೆ 5 ಎಂದು ಬರುತ್ತದೆ. ಮಗು ಎಣಿಸಿದ್ದು ಬಾಯಲ್ಲಿ ಬರುವ ಅಕ್ಷರವನ್ನು. ಪೈಥಾನ್ ಎಣಿಸಿದ್ದು ಕಂಪ್ಯೂಟರಿನೊಳಗೆ ಸಾಲಾಗಿ ಕೂತಿರುವ ಸಂಕೇತಗಳನ್ನು: ಕ, ಅದರ ಓತ್ವದ ದೀರ್ಘ, ಲ, ಅದರ ಇಳಿ, ಕೊನೆಗೆ ರ. ‘ಕ ಇಳಿ ಕಾ, ಕ ಗುಡಿಸು ಕಿ’ ಎಂದು ಕಾಗುಣಿತ ಬಾಯಿಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಕದ ಲಿಪಿಗಳಿಗೆಲ್ಲ ನಂಬರು ಕೊಟ್ಟ ಪಟ್ಟಿಯಾದ ಯೂನಿಕೋಡ್ ನಮ್ಮ ಕಾಗುಣಿತವನ್ನು ಹೆಚ್ಚುಕಡಿಮೆ ಹಾಗೇ ಎತ್ತಿಟ್ಟುಕೊಂಡಿದೆ.

ಪೈಥಾನ್ ಕಲಿಯುವವರಿಗೆ ಇಂಥ ಅಚ್ಚರಿ ದಿನಕ್ಕೆ ಒಂದಾದರೂ ಸಿಗುತ್ತದೆ. ಆದರೆ ಅದು ಕೈಗೆ ಸಿಗಬೇಕಾದರೆ ಒಂದು ಅಭ್ಯಾಸ ಬೇಕು: ಎಂಟರ್ ಒತ್ತುವ ಮುಂಚೆ ಉತ್ತರ ಏನು ಬರಬಹುದು ಎಂದು ಊಹಿಸಿ ಬರೆದಿಡುವುದು. ನೂರು ಪುಟದ ನೋಟ್‌ಬುಕ್ ಒಂದು ಸಾಕು. ಪುಟವನ್ನು ಮೂರು ಕಂಬ ಮಾಡಿ. ಮೊದಲನೆಯದರಲ್ಲಿ ಟೈಪ್ ಮಾಡಿದ ಸಾಲು, ಎರಡನೆಯದರಲ್ಲಿ ಊಹೆ, ಮೂರನೆಯದರಲ್ಲಿ ಬಂದ ಉತ್ತರ. ಎರಡು, ಮೂರನೇ ಕಂಬ ಒಂದೇ ಆಗಿದ್ದರೆ ಮುಂದಕ್ಕೆ ಹೋಗಿ. ಬೇರೆ ಬೇರೆಯಾದ ಸಾಲಿನಲ್ಲಿ ನಿಲ್ಲಿ. ಅಲ್ಲಿ ನಿಮ್ಮ ತಲೆಯಲ್ಲಿರುವ ಪೈಥಾನ್‌ಗೂ ನಿಜವಾದ ಪೈಥಾನ್‌ಗೂ ಎಲ್ಲಿ ಹೊಂದಿಕೆಯಾಗುತ್ತಿಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ವಿಡಿಯೊ ನೋಡುತ್ತಾ ತಲೆಯಾಡಿಸುವಾಗ ಆ ಜಾಗ ಕಾಣುವುದೇ ಇಲ್ಲ. ಎಲ್ಲವೂ ಅರ್ಥವಾದಂತೆ ಅನ್ನಿಸಿ, ಮಾರನೇ ದಿನ ಖಾಲಿ ತೆರೆಯ ಮುಂದೆ ಕೈ ಕಟ್ಟಿಹೋಗುತ್ತದೆ.

ಒಂದು ಸೂಚನೆ. ಇಲ್ಲಿ ಲೆನ್, ಪ್ರಿಂಟ್, ಇನ್‌ಪುಟ್ ಎಂದು ಕನ್ನಡ ಲಿಪಿಯಲ್ಲಿ ಬರೆದಿರುವುದನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಮೊದಲ ಕಿಟಕಿಯ ಕೆಳಗಡೆ ‘ಪಾತ್’ಗೆ ಸೇರಿಸುವ ಚೌಕವೊಂದು ಇರುತ್ತದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ, ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಹೊಡೆದಾಗ ಅದು ಶುರುವಾಗುವುದಿಲ್ಲ. ಇನ್‌ಸ್ಟಾಲ್ ಸರಿಯಾಗಿಯೇ ಆಗಿರುತ್ತದೆ, ವಿಂಡೋಸ್‌ಗೆ ಅದರ ವಿಳಾಸ ಗೊತ್ತಿರುವುದಿಲ್ಲ ಅಷ್ಟೆ. ಹಳೆಯ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಕನ್ನಡ ಚೌಕ ಚೌಕವಾಗಿ ಕಂಡರೆ ಹೆದರಬೇಡಿ. ಲೆಕ್ಕ ಸರಿಯಾಗಿಯೇ ನಡೆದಿರುತ್ತದೆ, ತೋರಿಸುವುದು ಮಾತ್ರ ಆ ಕಿಟಕಿಗೆ ಬರುವುದಿಲ್ಲ. ಪೈಥಾನ್ ಜೊತೆಗೇ ಬರುವ ‘ಐಡಲ್’ ಎಂಬ ಕೋಡು ಬರೆಯುವ ಕಿಟಕಿ ತೆರೆದುಕೊಳ್ಳಿ. ಲ್ಯಾಪ್‌ಟಾಪ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದೆ. ಮೊದಲ ಎರಡು ತಿಂಗಳ ಕಲಿಕೆಗೆ ಅದೂ ಸಾಕು.

ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕೋಡನ್ನು ಕಾಪಿ ಮಾಡಿ ಅಂಟಿಸಿದಾಗ ‘ಸಿಂಟ್ಯಾಕ್ಸ್ ಎರರ್’, ಅಂದರೆ ಬರವಣಿಗೆಯ ನಿಯಮ ತಪ್ಪಿದೆ ಎಂಬ ದೂರು, ಬರುವುದು ಬಹಳ ಜನರ ಮೊದಲ ಕಷ್ಟ. ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ. ಕೋಡು ಹಾದುಬರುವ ದಾರಿಯಲ್ಲಿ ಯಾವುದೋ ಕೀಬೋರ್ಡೋ ಆ್ಯಪ್ಪೋ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ, ಚೆಂದದ ಚಿಹ್ನೆಯಾಗಿ ಬದಲಿಸಿರುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ನೆಟ್ಟಗಿನ ಜೋಡಿ ಚಿಹ್ನೆಯ ಸಂಖ್ಯೆ 34, ಬಾಗಿದ ಜೋಡಿಯವು 8220 ಮತ್ತು 8221. ಪೈಥಾನ್‌ಗೆ ಅವು ಸಂಬಂಧವೇ ಇಲ್ಲದ ಮೂರು ಅಕ್ಷರಗಳು. ಚಿಹ್ನೆಗಳನ್ನು ಅಳಿಸಿ ಕೈಯಾರೆ ಮತ್ತೆ ಹೊಡೆದರೆ ಕೋಡು ಓಡುತ್ತದೆ.

ಈಗ ಸ್ವಲ್ಪ ಲೆಕ್ಕ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಎಷ್ಟು ಬಾಕ್ಸ್ ಎಂದು ಕೇಳಿ ಒಟ್ಟು ತೂಕ ಹೇಳುವ ಪ್ರೋಗ್ರಾಂ ಯಾರಾದರೂ ಎರಡು ಸಾಲಿನಲ್ಲಿ ಬರೆಯಬಹುದು. ಇನ್‌ಪುಟ್‌ನಿಂದ ಬಾಕ್ಸ್ ಸಂಖ್ಯೆ ತೆಗೆದುಕೊಂಡು 15ರಿಂದ ಗುಣಿಸಿದರಾಯಿತು. 3 ಎಂದು ಕೊಡಿ. 45 ಬರುತ್ತದೆಂದು ಊಹೆಯ ಕಂಬದಲ್ಲಿ ಬರೆದಿರುತ್ತೀರಿ. ಬರುವುದು 333333333333333, ಹದಿನೈದು ಮೂರುಗಳು. ಇನ್‌ಪುಟ್ ಯಾವಾಗಲೂ ಕೊಡುವುದು ಸ್ಟ್ರಿಂಗನ್ನು, ಅಂದರೆ ಬರಹವನ್ನು. ಬರಹವನ್ನು 15ರಿಂದ ಗುಣಿಸು ಅಂದರೆ ಹದಿನೈದು ಸಲ ಬರೆ ಎಂದು ಅರ್ಥ. ಇಲ್ಲಿ ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಎರರ್‌ಗಿಂತ ಇದು ಅಪಾಯ. ಗುಣಿಸುವ ಬದಲು 15 ಕೂಡಿಸಲು ಹೋಗಿದ್ದರೆ ‘ಟೈಪ್ ಎರರ್’ ಎಂದು ಅಲ್ಲೇ ತಡೆದು ನಿಲ್ಲಿಸುತ್ತಿತ್ತು.

ಮದ್ದು ಎಲ್ಲರಿಗೂ ಗೊತ್ತಿರುವುದೇ: ಇನ್‌ಪುಟ್ ಸುತ್ತ, ಬರಹವನ್ನು ಪೂರ್ಣಾಂಕ ಮಾಡುವ ಇಂಟ್ ಹಾಕುವುದು. ಆದರೆ ಇಂಟ್ ಏನನ್ನು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ ಎಂದು ಒಂದು ಸಂಜೆ ಕೂತು ಕೆಣಕಿ ನೋಡಬೇಕು. ಹಿಂದೆ ಮುಂದೆ ಖಾಲಿ ಜಾಗವಿರುವ 15 ಕೊಡಿ, ಒಪ್ಪುತ್ತದೆ. 15.5 ಎಂಬ ಬರಹ ಕೊಡಿ, ‘ವ್ಯಾಲ್ಯೂ ಎರರ್’. 1,250 ಎಂದು ಅಲ್ಪವಿರಾಮ ಹಾಕಿ ಕೊಟ್ಟರೂ ಅದೇ ಎರರ್. ಮಂಡಿಯ ಚೀಟಿಯಲ್ಲಿ ಸಾವಿರಕ್ಕೆ ಅಲ್ಪವಿರಾಮ ಹಾಕುವುದು ರೂಢಿಯಾದ್ದರಿಂದ, ಅಂಥ ಬರಹ ಬರುವ ಕಡೆ ಮೊದಲು ರಿಪ್ಲೇಸ್ ಬಳಸಿ ಅಲ್ಪವಿರಾಮ ತೆಗೆಯಬೇಕು. ಕೊನೆಯಲ್ಲಿ ಕನ್ನಡ ಕೀಬೋರ್ಡಿಗೆ ಹೋಗಿ ೧೫ ಎಂದು ಕೊಟ್ಟು ನೋಡಿ.

ಒಪ್ಪುತ್ತದೆ. 15 ಎಂಬ ಸಂಖ್ಯೆಯೇ ಬರುತ್ತದೆ. ಬರಹವನ್ನು ದಶಮಾಂಶ ಸಂಖ್ಯೆ ಮಾಡುವ ಫ್ಲೋಟ್‌ಗೆ ೧೨.೫ ಕೊಟ್ಟರೆ 12.5 ಬರುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ದಶಮಾನದ ಅಂಕಿ ಎಂದು ಗುರುತಿಸಿದ ಯಾವ ಲಿಪಿಯ ಅಂಕಿಯನ್ನಾದರೂ ಪೈಥಾನ್ ಓದುತ್ತದೆ. ಕನ್ನಡ ಅಂಕಿಯಲ್ಲೇ ಲೆಕ್ಕ ಬರೆಯುವ ಹಿರಿಯರಿಗಾಗಿ ಪ್ರೋಗ್ರಾಂ ಬರೆಯುವವರಿಗೆ ಇದು ದೊಡ್ಡ ಅನುಕೂಲ, ಅದಕ್ಕಾಗಿ ಒಂದು ಸಾಲೂ ಹೆಚ್ಚಿಗೆ ಬರೆಯಬೇಕಿಲ್ಲ. ಆದರೆ ಪ್ರೋಗ್ರಾಂನ ಒಳಗೆ ನೇರವಾಗಿ ‘ಬೆಲೆ = ೧೫’ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್. ಅಲ್ಲಿ ತಪ್ಪಿರುವುದು ೧ ಮತ್ತು ೫ ಮಾತ್ರ, ‘ಬೆಲೆ’ ಎಂಬ ಹೆಸರಲ್ಲಿ ಏನೂ ತಪ್ಪಿಲ್ಲ. ‘ಬೆಲೆ = 15’ ಎಂದರೆ ಸರಾಗವಾಗಿ ನಡೆಯುತ್ತದೆ. ಹೆಸರು ಕನ್ನಡದಲ್ಲಿರಬಹುದು, ಕೋಡಿನೊಳಗಿನ ಅಂಕಿ ಮಾತ್ರ 0ಯಿಂದ 9ರವರೆಗಿನ ಇವೇ ಆಗಿರಬೇಕು.

ಲಕ್ಷದ ಲೆಕ್ಕ ಬರೆಯುವಾಗಲೂ ಒಂದು ಸಣ್ಣ ಸಂತೋಷವಿದೆ. ಕೋಡಿನಲ್ಲಿ ಅಲ್ಪವಿರಾಮ ಹಾಕುವಂತಿಲ್ಲ, ಆದರೆ ಅಂಡರ್‌ಸ್ಕೋರ್ ಹಾಕಬಹುದು. ಅದನ್ನು ಮೂರು ಮೂರು ಅಂಕಿಗೇ ಹಾಕಬೇಕೆಂಬ ನಿಯಮವಿಲ್ಲ. 12_50_000 ಎಂದು ನಮ್ಮ ಪದ್ಧತಿಯಲ್ಲೇ ಬರೆದರೆ ಹನ್ನೆರಡೂವರೆ ಲಕ್ಷ ಎಂದೇ ತಿಳಿಯುತ್ತದೆ. ತೋರಿಸುವಾಗ ಮಾತ್ರ ಕೈಕೊಡುತ್ತದೆ. ಬರಹದೊಳಗೆ ಸಂಖ್ಯೆ ಸೇರಿಸಿ ತೋರಿಸುವ ಎಫ್-ಸ್ಟ್ರಿಂಗ್‌ನಲ್ಲಿ ಅಲ್ಪವಿರಾಮ ಕೇಳಿದರೆ 1,250,000 ಎಂದು ಮಿಲಿಯನ್ ಲೆಕ್ಕದಲ್ಲಿ ಬರುತ್ತದೆ. ನಮಗೆ ಬೇಕಾದಂತೆ ಬರಬೇಕಾದರೆ ಪುಟ್ಟ ಫಂಕ್ಷನ್ ಬರೆದುಕೊಳ್ಳಬೇಕು: ಸಂಖ್ಯೆಯನ್ನು ಬರಹ ಮಾಡಿ, ಕೊನೆಯ ಮೂರು ಅಂಕಿ ಬದಿಗಿಟ್ಟು, ಉಳಿದದ್ದನ್ನು ಬಲಗಡೆಯಿಂದ ಎರಡೆರಡಾಗಿ ಕತ್ತರಿಸಿ, ಎಲ್ಲವನ್ನೂ ಅಲ್ಪವಿರಾಮದಿಂದ ಜೋಡಿಸುವುದು. ಹೀಗೆ ತುಂಡು ಕತ್ತರಿಸುವ ಸ್ಲೈಸ್ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಹುಡುಕಿದರೂ ಸಿಗುವುದು ಕಷ್ಟ.

ಹಾಲಿನ ಲೆಕ್ಕಕ್ಕೆ ಬಂದರೆ ಇನ್ನೊಂದು ಬಗೆಯ ಅಚ್ಚರಿ. ಮೂರು ಸಲ 1.1 ಲೀಟರ್ ಹಾಲು ಹಾಕಿದರೆ ಒಟ್ಟು ಎಷ್ಟು? ಪೈಥಾನ್ ಹೇಳುವುದು 3.3000000000000003. ಇದು ಪೈಥಾನ್‌ನ ದೋಷವೆಂದು ತಿಳಿದು ಕೈಬಿಟ್ಟವರೂ ಇದ್ದಾರೆ. ಮೂರರಲ್ಲಿ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೋದರೆ 0.3333 ಎಂದು ಮುಗಿಯದೆ ಹೋಗುತ್ತದಲ್ಲ, ಎರಡೇ ಅಂಕಿಗಳಲ್ಲಿ ಬರೆಯುವ ಕಂಪ್ಯೂಟರಿಗೆ ಹತ್ತರಲ್ಲಿ ಒಂದು ಭಾಗ ಹಾಗೇ ಮುಗಿಯದ ಭಿನ್ನರಾಶಿ. 53 ಬಿಟ್‌ಗಳ ಜಾಗದಲ್ಲಿ ಹಿಡಿಸುವ, ತೀರಾ ಹತ್ತಿರದ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ಆ ಚೂರು ವ್ಯತ್ಯಾಸ ಕೂಡುತ್ತಾ ಹೋದಾಗ ಮೇಲೆ ಕಾಣಿಸಿಕೊಳ್ಳುತ್ತದೆ.

ಹತ್ತು ಸಲ 0.1 ಕೂಡಿ ನೋಡಿ. ಫಾರ್ ಲೂಪಿನಲ್ಲಿ ಒಂದೊಂದಾಗಿ ಕೂಡಿದರೆ 0.9999999999999999 ಬರುತ್ತದೆ. ಅದೇ ಹತ್ತನ್ನು ಲಿಸ್ಟ್ ಮಾಡಿ ಸಮ್ ಫಂಕ್ಷನ್‌ಗೆ ಕೊಟ್ಟರೆ ಪೈಥಾನ್ 3.12ರಿಂದ ಈಚೆಗೆ 1.0 ಬರುತ್ತದೆ, ಅದಕ್ಕಿಂತ ಹಳೆಯದರಲ್ಲಿ ಲೂಪಿನ ಉತ್ತರವೇ. ಹೊಸ ಸಮ್ ಬಿಟ್ಟುಹೋಗುವ ಚೂರುಗಳನ್ನೂ ಪಕ್ಕದಲ್ಲಿ ಲೆಕ್ಕ ಇಟ್ಟುಕೊಂಡು ಕೊನೆಗೆ ಸೇರಿಸುತ್ತದೆ. ಪುಸ್ತಕದಲ್ಲಿರುವ ಉತ್ತರ ನಿಮಗೆ ಬರದಿದ್ದರೆ ಕಾರಣ ಆವೃತ್ತಿಯಲ್ಲೂ ಇರಬಹುದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಪೈಥಾನ್ ಆವೃತ್ತಿ ಬರೆದಿಡಿ ಎಂದು ಹೇಳುವುದು ಇದಕ್ಕೇ. ಪ್ರಿಂಟ್ ಮುಂದೆ ಆವರಣ ಹಾಕದ ಪುಸ್ತಕ ಕೈಗೆ ಸಿಕ್ಕರೆ ಅದು ಪೈಥಾನ್ 2ರ ಕಾಲದ್ದು. ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಪುಸ್ತಕವನ್ನು ಪಕ್ಕಕ್ಕಿಡಿ.

ದುಡ್ಡಿನ ಲೆಕ್ಕಕ್ಕೆ ಎರಡು ದಾರಿ. ಒಂದು, ಎಲ್ಲವನ್ನೂ ಪೈಸೆಯಲ್ಲಿ ಇಟ್ಟು ಪೂರ್ಣಾಂಕದಲ್ಲೇ ಲೆಕ್ಕ ಮಾಡಿ, ಕೊನೆಯಲ್ಲಿ ತೋರಿಸುವಾಗ ಮಾತ್ರ ರೂಪಾಯಿ ಮಾಡುವುದು. ಇನ್ನೊಂದು, ಡೆಸಿಮಲ್ ಎಂಬ ಮಾಡ್ಯೂಲ್, ಅಂದರೆ ಬೇಕಾದಾಗ ಎಳೆದುಕೊಳ್ಳುವ ಸಿದ್ಧ ಕೋಡು. ಡೆಸಿಮಲ್ ಬಳಸುವಾಗ 1.1ನ್ನು ಉದ್ಧರಣ ಚಿಹ್ನೆಯೊಳಗೆ ಬರಹವಾಗಿ ಕೊಡಬೇಕು. ಚಿಹ್ನೆಯಿಲ್ಲದೆ ಕೊಟ್ಟರೆ ಮೊದಲೇ ಕೆಟ್ಟ ಫ್ಲೋಟ್ ಒಳಗೆ ಹೋಗಿ 1.1000000000000000888 ಎಂದು ಉದ್ದಕ್ಕೆ ಬರುತ್ತದೆ. ಹಾಲು ಒಡೆದ ಮೇಲೆ ಪಾತ್ರೆ ಬದಲಾಯಿಸಿ ಫಲವಿಲ್ಲ. ರೌಂಡ್ ಮಾಡಿದರೆ ಸರಿಹೋಗುತ್ತದೆ ಎಂದುಕೊಳ್ಳುವವರು 2.5ನ್ನು ರೌಂಡ್‌ಗೆ ಕೊಟ್ಟು ನೋಡಲಿ. ಶಾಲೆಯ ಲೆಕ್ಕದಲ್ಲಿ 3, ಇಲ್ಲಿ 2. ಆದರೆ 3.5 ಕೊಟ್ಟರೆ 4. ಸರಿಯಾಗಿ ನಡುವೆ ನಿಂತ ಸಂಖ್ಯೆಯನ್ನು ಪೈಥಾನ್ ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. ಯಾವಾಗಲೂ ಮೇಲಕ್ಕೇ ತಳ್ಳಿದರೆ ಸಾವಿರಾರು ಲೆಕ್ಕ ಕೂಡಿದಾಗ ಮೊತ್ತ ಒಂದೇ ಕಡೆ ವಾಲುತ್ತದೆ, ಅದನ್ನು ತಪ್ಪಿಸಲು ಈ ಪದ್ಧತಿ. 2.675ನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿದರೆ 2.67 ಬರುವುದು ಮಾತ್ರ ಬೇರೆಯೇ ಕಾರಣಕ್ಕೆ. ಒಳಗೆ ಕೂತಿರುವ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇದೆ.

ಇನ್ನು ಹೆಸರಿನ ವಿಷಯ. ಕಲಿಯುವವರನ್ನು ಬಹುಕಾಲ ಕಾಡುವುದು ಇದೇ, ಒಮ್ಮೆ ಹೊಳೆದರೆ ಮತ್ತೆ ಮರೆಯದಿರುವುದೂ ಇದೇ. ಮೂರು ಲಾಟಿನ ಬೆಲೆ ಇಟ್ಟುಕೊಳ್ಳಿ: ನಿನ್ನೆ = [420, 450, 380]. ಮುಂದಿನ ಸಾಲಿನಲ್ಲಿ ಇವತ್ತು = ನಿನ್ನೆ. ಆಮೇಲೆ ಇವತ್ತು[0] = 500. ಈಗ ‘ನಿನ್ನೆ’ಯನ್ನು ತೆರೆದು ನೋಡಿದರೆ [500, 450, 380]. ನಿನ್ನೆಯ ಬೆಲೆ ಇವತ್ತು ಬದಲಾಗಿಬಿಟ್ಟಿದೆ! ವೇರಿಯಬಲ್ ಎಂದರೆ ಒಂದು ಡಬ್ಬಿ, ಅದರೊಳಗೆ ಬೆಲೆ ತುಂಬಿಡುತ್ತೇವೆ ಎಂದು ಹೇಳಿಕೊಟ್ಟಿದ್ದರೆ ಇದು ಎಂದಿಗೂ ಅರ್ಥವಾಗುವುದಿಲ್ಲ. ಮನೆಯಲ್ಲಿ ಪುಟ್ಟಿ, ಶಾಲೆಯ ಹಾಜರಿಯಲ್ಲಿ ಬೇರೆ ಹೆಸರು. ಕೂದಲು ಕತ್ತರಿಸಿದರೆ ಎರಡೂ ಹೆಸರಿನವಳ ಕೂದಲು ಗಿಡ್ಡವಾಗುತ್ತದೆ, ಯಾಕೆಂದರೆ ಹುಡುಗಿ ಒಬ್ಬಳೇ. ಪೈಥಾನ್‌ನಲ್ಲಿ ಸಮ ಚಿಹ್ನೆ ಮಾಡುವುದು ಇಷ್ಟೇ: ಇರುವ ವಸ್ತುವಿಗೆ ಇನ್ನೊಂದು ಹೆಸರು ಕಟ್ಟುತ್ತದೆ. ಬೇರೆ ಪ್ರತಿ ಬೇಕಿದ್ದರೆ ನಿನ್ನೆ.ಕಾಪಿ() ಎಂದು ಬಾಯಿಬಿಟ್ಟು ಕೇಳಬೇಕು.

ಡೈರಿಗೆ ದಿನಕ್ಕೆ ಎರಡು ಹೊತ್ತು ಹಾಲು, ವಾರಕ್ಕೆ ಏಳು ದಿನ. ಅದಕ್ಕೊಂದು ಖಾಲಿ ಪಟ್ಟಿ ಬೇಕೆಂದು [[0, 0]] * 7 ಎಂದು ಬರೆದರೆ ನೋಡಲು ಸರಿಯಾಗಿಯೇ ಏಳು ಸಾಲು ಬರುತ್ತದೆ. ಸೋಮವಾರ ಬೆಳಿಗ್ಗೆಯ ಜಾಗಕ್ಕೆ 8 ಎಂದು ತುಂಬಿ. ಏಳೂ ದಿನದ ಬೆಳಿಗ್ಗೆ 8 ಆಗುತ್ತದೆ. ಏಳು ಸಾಲು ಎಂದು ಕಂಡದ್ದು ಒಂದೇ ಸಾಲಿಗೆ ಕಟ್ಟಿದ ಏಳು ಹಗ್ಗ. ಪ್ರತಿ ದಿನಕ್ಕೂ ಹೊಸದಾಗಿ [0, 0] ಹುಟ್ಟುವಂತೆ ಲಿಸ್ಟ್ ಕಾಂಪ್ರಹೆನ್ಷನ್, ಅಂದರೆ ಪಟ್ಟಿಯ ಆವರಣದೊಳಗೇ ಫಾರ್ ಲೂಪು, ಬರೆದರೆ ತೊಂದರೆಯಿಲ್ಲ.

ಹೆಸರು ಕಟ್ಟುವುದೇ ಆದರೆ ಫಂಕ್ಷನ್‌ಗೂ ಕಟ್ಟಬಹುದಲ್ಲವೇ? ಕಟ್ಟಬಹುದು. ಬರೆ = ಪ್ರಿಂಟ್ ಎಂದು ಆವರಣ ಹಾಕದೆ ಒಂದು ಸಾಲು ಹೊಡೆದು, ಆಮೇಲೆ ಬರೆ("ನಮಸ್ಕಾರ") ಎಂದರೆ ತೆರೆಯ ಮೇಲೆ ನಮಸ್ಕಾರ ಬರುತ್ತದೆ. ಮಕ್ಕಳಿಗೆ ಮೊದಲ ದಿನ ಇದನ್ನು ತೋರಿಸಿದರೆ ಅವರ ಮುಖ ನೋಡಬೇಕು. ಇದರ ಇನ್ನೊಂದು ಮುಖವೂ ಇದೆ. ಒಟ್ಟು ಮೊತ್ತ ಇಡಲು ಸಮ್ ಎಂಬ ಹೆಸರನ್ನೇ ಆರಿಸಿ ಸಮ್ = 0 ಎಂದುಬಿಟ್ಟರೆ, ಆ ಹೆಸರು ಕೂಡಿಸುವ ಫಂಕ್ಷನ್‌ನಿಂದ ಕಳಚಿ ಸೊನ್ನೆಗೆ ಅಂಟಿಕೊಳ್ಳುತ್ತದೆ. ಹತ್ತು ಸಾಲು ಕೆಳಗೆ ಸಮ್ ಬಳಸಿದಾಗ ‘ಇಂಟ್ ಎಂಬುದನ್ನು ಕರೆಯಲಾಗದು’ ಎಂಬರ್ಥದ ಎರರ್ ಬರುತ್ತದೆ, ಕಾರಣ ಮಾತ್ರ ಹತ್ತು ಸಾಲು ಮೇಲಿರುತ್ತದೆ. ಲಿಸ್ಟ್, ಮ್ಯಾಕ್ಸ್, ಇನ್‌ಪುಟ್ ಎಂಬ ಹೆಸರುಗಳಿಗೂ ಇದೇ ಗತಿ. ಕನ್ನಡದಲ್ಲಿ ‘ಒಟ್ಟು’ ಎಂದು ಹೆಸರಿಟ್ಟರೆ ಈ ಅಪಾಯವೇ ಇಲ್ಲ. ಫೈಲಿಗೆ ಹೆಸರಿಡುವಾಗಲೂ ಎಚ್ಚರ ಬೇಕು. ರ‍್ಯಾಂಡಮ್ ಮಾಡ್ಯೂಲ್ ಕಲಿಯುವ ಫೈಲಿಗೆ ರ‍್ಯಾಂಡಮ್.ಪಿವೈ ಎಂದೇ ಹೆಸರಿಟ್ಟರೆ ಪೈಥಾನ್ ತನ್ನ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ಒಳಗೆ ಎಳೆದುಕೊಂಡು, ಅದರಲ್ಲಿ ಬೇಕಾದ್ದು ಸಿಗದೆ ನಿಲ್ಲುತ್ತದೆ.

ಎರರ್ ಬಂದಾಗ ಓದುವ ಕ್ರಮವನ್ನು ಇಲ್ಲೇ ಹೇಳಿಬಿಡಬೇಕು. ಕೆಂಪಕ್ಷರದ ರಾಶಿಯನ್ನು ಕೆಳಗಿನಿಂದ ಓದಿ. ಕೊನೆಯ ಸಾಲಿನಲ್ಲಿ ಏನಾಯಿತು ಎಂದಿರುತ್ತದೆ, ಅದರ ಮೇಲಿನದರಲ್ಲಿ ಎಲ್ಲಿ ಆಯಿತು ಎಂದು. ಪೈಥಾನ್ 3.10ರಿಂದ ಈಚೆಗೆ ಸಂದೇಶಗಳು ಬಹಳ ಸುಧಾರಿಸಿವೆ. ಮೊದಲೆಲ್ಲ ಆವರಣ ಮುಚ್ಚದಿದ್ದರೆ ಮುಂದಿನ ಸಾಲಿನ ಕಡೆ ಬೊಟ್ಟು ಮಾಡುತ್ತಿತ್ತು, ಈಗ ತೆರೆದ ಆವರಣವನ್ನೇ ತೋರಿಸಿ ಇದನ್ನು ಮುಚ್ಚಿಲ್ಲ ಎನ್ನುತ್ತದೆ. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ವಿಷಯದಲ್ಲಿ ಮಾತ್ರ ಯಾವ ಸಂದೇಶವೂ ಬರುವುದಿಲ್ಲ. ಬೆಲೆ = ಬೆಲೆ.ಸಾರ್ಟ್() ಎಂದರೆ ಪಟ್ಟಿ ಜೋಡಣೆಯಾಗುತ್ತದೆ, ಆದರೆ ಸಾರ್ಟ್ ವಾಪಸು ಕೊಡುವುದು ‘ನನ್’, ಅಂದರೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೆ ನೀವು ಬೆಲೆ ಎಂಬ ಹೆಸರು ಕಟ್ಟಿದಿರಿ. ಜೋಡಿಸಿದ ಪಟ್ಟಿ ಅನಾಥವಾಯಿತು.

ಮತ್ತೆ ಕೋಲಾರಕ್ಕೆ ಬರೋಣ. ಪದವನ್ನು ತಿರುಗಿಸುವ [::-1] ಎಂಬ ಸ್ಲೈಸನ್ನು ಎಲ್ಲ ಪಾಠದಲ್ಲೂ ಹೇಳಿಕೊಡುತ್ತಾರೆ. ಕೋಲಾರವನ್ನು ತಿರುಗಿಸಿದರೆ ‘ರಲಾಕೋ’ ಬರಬೇಕು. ಬರುವುದು ‘ರಾಲೋಕ’. ಹತ್ತಿರದಿಂದ ನೋಡಿ. ಐದು ಸಂಕೇತಗಳು ಸರಿಯಾಗಿಯೇ ತಿರುಗಿವೆ: ರ, ಇಳಿ, ಲ, ಓತ್ವದ ದೀರ್ಘ, ಕ. ಆದರೆ ಕಾಗುಣಿತದ ಗುರುತು ಯಾವಾಗಲೂ ತನ್ನ ಹಿಂದಿನ ಅಕ್ಷರಕ್ಕೆ ಅಂಟುತ್ತದೆ. ತಿರುಗಿದಾಗ ಲಾದ ಇಳಿ ರಕಾರದ ಹಿಂದೆ ಬಂದು ಅದಕ್ಕೆ ಅಂಟಿತು, ಕೋದ ಓತ್ವ ಲಕಾರಕ್ಕೆ ಅಂಟಿತು, ಕ ಬರಿಗೈಯಲ್ಲಿ ಉಳಿಯಿತು. ಆರ್ಡ್ ಫಂಕ್ಷನ್‌ಗೆ ಒಂದೊಂದೇ ಕೊಟ್ಟರೆ ಅವುಗಳ ನಂಬರೂ ಸಿಗುತ್ತದೆ: ಕ 3221, ಓತ್ವದ ದೀರ್ಘ 3275, ಲ 3250, ಇಳಿ 3262, ರ 3248.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಂದೇ ಫೋನಿನಲ್ಲಿ ಕನ್ನಡ, ತೆಲುಗು ಎರಡೂ ಕೀಬೋರ್ಡ್ ಇಟ್ಟುಕೊಂಡವರು ತುಂಬ ಜನ. ತೆಲುಗಿನ ರ ನಮ್ಮ ರದಂತೆಯೇ ಕಾಣುತ್ತದೆ, ಆದರೆ ಅದರ ನಂಬರು 3120. ಕಳೆದು ನೋಡಿ, ಸರಿಯಾಗಿ 128ರ ಅಂತರ. ಕ, ಲಗಳಿಗೂ ಅಷ್ಟೇ ಅಂತರ. ಭಾರತದ ಲಿಪಿಗಳನ್ನು ಯೂನಿಕೋಡ್‌ನಲ್ಲಿ ಒಂದೇ ವಿನ್ಯಾಸದಲ್ಲಿ, 128 ಮನೆಗಳ ಬೀದಿಗಳಂತೆ ಒಂದರ ಪಕ್ಕ ಒಂದು ಹಾಕಿದ್ದಾರೆ. ಹಾಗಾಗಿ ಹೆಸರಿನ ಪಟ್ಟಿಯಲ್ಲಿ ಕಣ್ಣಿಗೆ ಒಂದೇ ಆಗಿರುವ ಎರಡು ಹೆಸರು ಸಮವಲ್ಲ ಎಂದು ಪೈಥಾನ್ ಹೇಳಿದರೆ, ಮೊದಲು ಎರಡರ ಆರ್ಡ್ ನಂಬರುಗಳನ್ನು ಪ್ರಿಂಟ್ ಮಾಡಿ ನೋಡಿ.

ಕಾಣದ ಭೇದ ಇನ್ನೂ ಎರಡಿವೆ. ‘ಕೋ’ದಲ್ಲಿರುವ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘ ಎಂದು ಬಿಡಿಸಿ ಮೂರಾಗಿಯೂ ಇಡಬಹುದು. ಬಿಡಿಸಿಟ್ಟ ಕೋಲಾರದ ಲೆನ್ 7. ತೆರೆಯ ಮೇಲೆ ವ್ಯತ್ಯಾಸವಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ ಎಂದು ಹೇಳಿ ಎರಡೂ ಬರಹವನ್ನು ಹಾಯಿಸಿದರೆ ಎರಡೂ 5ಕ್ಕೆ ಬಂದು ಸಮವಾಗುತ್ತವೆ. ಬೇರೆ ಬೇರೆ ಕಡೆಯಿಂದ ತಂದ ಕನ್ನಡ ಪಠ್ಯವನ್ನು ಹೋಲಿಸುವ ಮೊದಲು ಇದನ್ನು ತಪ್ಪದೆ ಮಾಡಬೇಕು. ಇನ್ನೊಂದು, 8204 ನಂಬರಿನ ಅದೃಶ್ಯ ಸಂಕೇತ. ‘ಬಾಕ್ಸ್‌ಗಳು’ ಎಂದು ಬರೆಯುವಾಗ ಸ್ ಮತ್ತು ಗ ಸೇರಿ ಒತ್ತಾಗದಂತೆ ನಡುವೆ ಅದು ಕೂತಿರುತ್ತದೆ, ಅಲ್ಲಿ ಅದು ಬೇಕು. ಆದರೆ ‘ಬಾಕ್ಸ್’ ಎಂಬಲ್ಲಿ ಪದದ ಕೊನೆಗೆ ಉಳಿದುಬಿಟ್ಟರೆ ಹುಡುಕಾಟ ಕೆಡುತ್ತದೆ. ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಎಂದರೆ ಹೋಗುವುದಿಲ್ಲ, ಅದು ಖಾಲಿ ಜಾಗದ ಜಾತಿಗೆ ಸೇರಿದ್ದಲ್ಲ. ಸ್ಟ್ರಿಪ್‌ಗೆ ಆವರಣದೊಳಗೆ ಸಿಎಚ್‌ಆರ್(8204) ಎಂದು ಅದನ್ನೇ ಕೊಟ್ಟರೆ ತುದಿಯದು ಹೋಗಿ ನಡುವಿನದು ಉಳಿಯುತ್ತದೆ.

ಫೈಲಿನಲ್ಲಿ ಬರೆಯುವಾಗ ಇದರ ಮುಂದುವರಿಕೆ. ಯೂನಿಕೋಡ್ ಸಂಕೇತಗಳನ್ನು ಬೈಟ್ ಮಾಡಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್, ಕೋಲಾರಕ್ಕೆ 15. ಪೈಥಾನ್ 2ರಲ್ಲಿ ಸಾಧಾರಣ ಸ್ಟ್ರಿಂಗ್‌ನ ಲೆನ್ ಕೇಳಿದ್ದರೆ ಈ 15ನ್ನೇ ಹೇಳುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಸ್ಟ್ರಿಂಗನ್ನು ಯೂನಿಕೋಡ್ ಮಾಡಿತು, ಆಗ ಅದು 5 ಆಯಿತು. ವಿಂಡೋಸ್‌ನಲ್ಲಿ ಓಪನ್ ಎಂದಷ್ಟೇ ಹೇಳಿ ಕನ್ನಡ ಬರೆಯಲು ಹೋದರೆ, ಹಳೆಯ ಇಂಗ್ಲಿಷ್ ಸಂಕೇತಪಟ್ಟಿಯಲ್ಲಿ ಕನ್ನಡ ಸಿಗದೆ ‘ಯೂನಿಕೋಡ್ ಎನ್‌ಕೋಡ್ ಎರರ್’ ಬರುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಪ್ರತಿ ಸಲವೂ ಬರೆಯಿರಿ. ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆಯುವುದಿದ್ದರೆ ಯುಟಿಎಫ್-8-ಸಿಗ್ ಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಹಾಗೆ ಬರೆದದ್ದನ್ನು ಓದುವಾಗಲೂ ಸಿಗ್ ಹಾಕಿ. ಮರೆತರೆ ಮೊದಲ ಕಾಲಂನ ಹೆಸರಿಗೆ 65279 ನಂಬರಿನ ಅದೃಶ್ಯ ಸಂಕೇತ ಅಂಟಿಕೊಂಡು, ಕಣ್ಣೆದುರಿಗೇ ಇರುವ ಕಾಲಂ ಇಲ್ಲ ಎನ್ನುತ್ತದೆ.

ಇಷ್ಟು ತಿಳಿದ ಮೇಲೆ ಮಗುವಿನ ಲೆಕ್ಕವನ್ನು ಪೈಥಾನ್‌ಗೆ ಕಲಿಸಬಹುದು. ಯೂನಿಕೋಡ್‌ಡೇಟಾದ ಕ್ಯಾಟಗರಿ ಎಂಬ ಫಂಕ್ಷನ್‌ಗೆ ಒಂದು ಸಂಕೇತ ಕೊಟ್ಟರೆ ಅದರ ಜಾತಿ ಹೇಳುತ್ತದೆ. ಸ್ವರ, ವ್ಯಂಜನಗಳ ಜಾತಿ ‘ಎಲ್’ನಿಂದ ಶುರುವಾಗುತ್ತದೆ. ಕಾಗುಣಿತದ ಗುರುತು, ಸೊನ್ನೆ, ವಿಸರ್ಗ, ಅರ್ಧಾಕ್ಷರದ ಗುರುತು ಎಲ್ಲವೂ ‘ಎಂ’ನಿಂದ. ಎಣಿಕೆ ಸೊನ್ನೆಯಿಂದ ಶುರು. ಪದದ ಒಂದೊಂದೇ ಸಂಕೇತ ತೆಗೆದುಕೊಳ್ಳಿ. ಅದು ಎಲ್ ಜಾತಿಯದಾಗಿದ್ದು, ಅದರ ಹಿಂದಿನದು ಅರ್ಧಾಕ್ಷರದ ಗುರುತು, ಅಂದರೆ 3277, ಆಗಿರದಿದ್ದರೆ ಮಾತ್ರ ಒಂದು ಕೂಡಿಸಿ. ಆಮೇಲೆ ಈ ಸಂಕೇತವನ್ನು ‘ಹಿಂದಿನದು’ ಎಂದು ನೆನಪಿಟ್ಟುಕೊಳ್ಳಿ. ಕೋಲಾರಕ್ಕೆ 3 ಬರುತ್ತದೆ. ತುಮಕೂರಿಗೆ 4, ಚಿಕ್ಕಬಳ್ಳಾಪುರಕ್ಕೆ 6. ಎರಡನೇ ಷರತ್ತು ಬಿಟ್ಟು ಓಡಿಸಿದರೆ ಚಿಕ್ಕಬಳ್ಳಾಪುರಕ್ಕೆ 8 ಬರುತ್ತದೆ, ಎರಡು ಒತ್ತಕ್ಷರಗಳೂ ಬೇರೆಯಾಗಿ ಲೆಕ್ಕಕ್ಕೆ ಬಂದವು ಎಂದರ್ಥ. ‘ಎಂ ಅಲ್ಲದ್ದನ್ನೆಲ್ಲ ಎಣಿಸು’ ಎಂದು ಬರೆದರೆ ಎರಡು ಪದಗಳ ನಡುವಿನ ಖಾಲಿ ಜಾಗವೂ ಅಕ್ಷರವಾಗಿಬಿಡುತ್ತದೆ.

ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿರುವವರು ಇಲ್ಲಿಂದ ಮಾತ್ರೆ ಎಣಿಸುವುದಕ್ಕೂ ಹೋಗಬಹುದು. ಲಘುವಿಗೆ 1, ಗುರುವಿಗೆ 2. ದೀರ್ಘ, ಸೊನ್ನೆ, ವಿಸರ್ಗ ಇದ್ದರೆ ಗುರು, ಒತ್ತಕ್ಷರದ ಹಿಂದಿನದೂ ಗುರು. ಹಳಗನ್ನಡದ ಶಿಥಿಲದ್ವಿತ್ವ, ಅಂದರೆ ಹಿಂದಿನದನ್ನು ಗುರು ಮಾಡದ ತೇಲಿಸಿ ಹೇಳುವ ಒತ್ತು, ಬಂದಾಗ ಪ್ರೋಗ್ರಾಂ ಸೋಲುತ್ತದೆ, ಅದನ್ನು ಕಿವಿಯೇ ಹೇಳಬೇಕು. ಕೋಲಾರ ಎಂದರೆ ಗುರು, ಗುರು, ಲಘು: 5 ಮಾತ್ರೆ. ಲೆನ್ ಹೇಳಿದ್ದೂ 5! ಹಾಗಾದರೆ ಲೆನ್ ಎಂದರೆ ಮಾತ್ರೆಯ ಲೆಕ್ಕವೇ ಇರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಆಸೆಯಾಗುತ್ತದೆ. ಬರೆಯುವ ಮುಂಚೆ ತುಮಕೂರನ್ನು ಕೊಟ್ಟು ನೋಡಿ. ಮಾತ್ರೆ 5, ಲೆನ್ 7. ಚಿಕ್ಕಬಳ್ಳಾಪುರಕ್ಕೆ ಮಾತ್ರೆ 9, ಲೆನ್ 13. ಕೊನೆಗೆ ಶಿಡ್ಲಘಟ್ಟ. ಅಕ್ಷರ, ಮಾತ್ರೆ, ಲೆನ್, ಮೂರನ್ನೂ ಮೊದಲು ಪೆನ್ಸಿಲ್ಲಿನಲ್ಲಿ ಊಹಿಸಿ ಬರೆದು ಆಮೇಲೆ ಎಂಟರ್ ಒತ್ತಿ. 4, 6, 9 ಬರಬೇಕು. ಬೇರೆ ಬಂದರೆ ಮೊದಲು ಡ್ಲ ಮತ್ತು ಟ್ಟದ ಹತ್ತಿರ ಹುಡುಕಿ.